ಅರವತ್ತು ದಿನಗಳ ಶಾಸನ

ನಮ್ಮ ರಾಜ್ಯದ ವಿಧಾನಮಂಡಲವು ವರ್ಷಕ್ಕೆ 60 ದಿನಗಳಿಗೆ ಕಡಮೆಯಿಲ್ಲದಂತೆ ಸೇರತಕ್ಕದ್ದೆಂದು ಆ ಮಂಡಲವೇ 2005ರಲ್ಲಿ ಒಂದು ಶಾಸನವನ್ನು ಅಂಗೀಕರಿಸಿತು. ಅದನ್ನು ಮಾಡಿದವರೂ, ಅದನ್ನು ನಡೆಯಿಸಬೇಕಾದವರೂ, ಅದಕ್ಕೆ ಒಳಪಟ್ಟವರೂ ಒಬ್ಬರೇ. ಅಂಥ ಶಾಸನವು ಅಕ್ಷರಶಃ ಪಾಲಿತವಾದ ವರ್ಷಗಳು ಇಲ್ಲವೆನ್ನುವಷ್ಟು ವಿರಳವೆಂಬುದು ಮಹಾಜನರು ಯೋಚಿಸಬೇಕಾದ ವಿಷಯ. ರೈತನು ಕಂದಾಯದ ಗಡುವನ್ನು ಮೀರಿದರೆ ದಂಡ ತೆರುತ್ತಾನೆ. ಶಾಸನಕರ್ತರು ತಮ್ಮ ಗಡುವನ್ನು ಮೀರಿದರೆ ಕೇಳುವವರು ಯಾರು?

1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯು 144 ಜನ ಸದಸ್ಯರೊಡನೆ ಮೊದಲು ಸೇರಿದಾಗ, ಅದಕ್ಕೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ದಸರೆಯ ಸಮಯದಲ್ಲಿ ದಿವಾನರ ಭಾಷಣವನ್ನು ಕೇಳಿ, ತಮ್ಮ ತಾಲ್ಲೂಕಿನ ಅಹವಾಲುಗಳನ್ನು ಹೇಳಿಕೊಂಡು ಹಿಂದಿರುಗುವುದಷ್ಟೇ ಸದಸ್ಯರ ಪಾಲಿಗೆ ಬಂದಿತ್ತು. ಇಂದಿನ ವಿಧಾನಸಭೆಯ 224 ಜನ ಸದಸ್ಯರು ಅಹವಾಲು ಹೇಳಿಕೊಳ್ಳುವವರಲ್ಲ. ಅವರ ಮತವಿಲ್ಲದೆ ಸರ್ಕಾರವು ಬೊಕ್ಕಸದಿಂದ ಒಂದು ಕಾಸನ್ನೂ ವೆಚ್ಚಮಾಡುವಂತಿಲ್ಲ. ಅಧಿಕಾರವು ಇಷ್ಟು ಹಿರಿದಾಗಿರುವಾಗ ಅದನ್ನು ಚಲಾಯಿಸಲು ಹೊತ್ತೇ ಇಲ್ಲದಂತಾಗುವುದು ವಿಷಾದಕರ.

ತೊಡಕಿನ ಮೂಲವು ಸಭೆಯನ್ನು ಕರೆಯುವ ಕ್ರಮದಲ್ಲಿಯೇ ಇದೆ. ಸಭೆಯನ್ನು ಕರೆಯುವವರು ರಾಜ್ಯಪಾಲರು. ಆದರೆ ಮಂತ್ರಿಮಂಡಲದ ಸಲಹೆಯಂತೆ. ಎಂದರೆ, ಯಾರು ಲೆಕ್ಕವನ್ನೊಪ್ಪಿಸಬೇಕೋ ಅವರೇ ಲೆಕ್ಕ ಕೇಳುವ ದಿನವನ್ನು ಗೊತ್ತುಮಾಡುತ್ತಾರೆ. ಸಂವಿಧಾನವು ವಿಧಿಸಿರುವುದಾದರೂ ಇಷ್ಟೇ: ಒಂದು ಅಧಿವೇಶನದ ಕಡೆಯ ಉಪವೇಶನಕ್ಕೂ ಮುಂದಿನದರ ಮೊದಲ ಉಪವೇಶನಕ್ಕೂ ನಡುವೆ ಆರು ತಿಂಗಳು ಕಳೆಯಕೂಡದು. ವರ್ಷಕ್ಕೆರಡು ಬಾರಿ ನಾಲ್ಕು ದಿನ ಸೇರಿ ಎದ್ದರೂ ಈ ವಿಧಿ ಪಾಲಿತವಾದಂತೆಯೇ. ಸಭೆ ಸೇರದಿರುವಾಗ ಹೊರಡಿಸಿದ ಸುಗ್ರೀವಾಜ್ಞೆಯು ಸಭೆ ಸೇರಿದ ಆರು ವಾರಗಳವರೆಗೆ ಶಾಸನದಷ್ಟೇ ಬಲವುಳ್ಳದ್ದಾಗಿ ನಿಲ್ಲುವುದನ್ನೂ ಇದರೊಡನೆ ಗಮನಿಸಬೇಕು.

ನಷ್ಟವಾಗುವುದು ಎಲ್ಲಿ? ಮೊದಲನೆಯದಾಗಿ ಪ್ರಶ್ನೋತ್ತರದಲ್ಲಿ. ಕಚೇರಿಯ ಕೆಲಸ ಬಲ್ಲ ನಮ್ಮ ವಾಚಕರಿಗೆ ಇದು ಚೆನ್ನಾಗಿ ತಿಳಿದಿದೆ. ಚುಕ್ಕೆ ಗುರುತಿನ ಒಂದು ಪ್ರಶ್ನೆ ಬಂದಿತೆಂದರೆ ತಿಂಗಳುಗಟ್ಟಲೆ ಕದಲದಿದ್ದ ಕಡತವು ಒಂದೇ ಹಗಲಿನಲ್ಲಿ ಮೇಜಿನಿಂದ ಮೇಜಿಗೆ ಓಡುತ್ತದೆ. ಜಿಲ್ಲೆಯಿಂದ ವರದಿ ಬರುತ್ತದೆ. ಮಂತ್ರಿಗಳು ತಮ್ಮ ಇಲಾಖೆಯಲ್ಲಿ ನಡೆದುದನ್ನು ಅನೇಕ ವೇಳೆ ಅಂದೇ ಮೊದಲು ಅರಿಯುತ್ತಾರೆ. ಉಪವೇಶನವೊಂದು ರದ್ದಾದರೆ ಈ ಓಟವೂ ರದ್ದು. ಬಾಕಿಯಾಗಿ ನಿಂತಿದ್ದ ವೃದ್ಧಾಪ್ಯ ವೇತನಕ್ಕೂ, ಅರ್ಧಕ್ಕೆ ನಿಂತ ಕೆರೆಯ ಏರಿಗೂ ಸಭೆಯಲ್ಲಿ ಒಂದು ಪ್ರಶ್ನೆಗಿಂತ ಬೇರೆ ದಿಕ್ಕಿಲ್ಲ.

ಎರಡನೆಯದು ಹಣದ ವಿಚಾರ. 2025–26ರ ಆಯವ್ಯಯವು ನಾಲ್ಕು ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತು. ಇಲಾಖೆಗಳ ಬೇಡಿಕೆಗಳನ್ನು ಒಂದೊಂದಾಗಿ ಚರ್ಚಿಸಿ ಮತ ಕೊಡುವುದು ಪದ್ಧತಿ. ಗೊತ್ತಾದ ಕಡೆಯ ದಿನ ಬಂದಾಗ ಚರ್ಚೆಯಾಗದೆ ಉಳಿದವನ್ನೆಲ್ಲ ಒಟ್ಟಾಗಿ ಮತಕ್ಕೆ ಹಾಕುವುದೂ ಪದ್ಧತಿಯೇ. ದಿನಗಳು ಕಡಮೆಯಾದಷ್ಟೂ ಈ ಎರಡನೆಯ ಪದ್ಧತಿಯು ಮೊದಲನೆಯದನ್ನು ನುಂಗುತ್ತದೆ. ಇನ್ನು 75 ಸದಸ್ಯರ ವಿಧಾನಪರಿಷತ್ತು ಧನವಿಧೇಯಕವನ್ನು 14 ದಿನಗಳಿಗಿಂತ ಹೆಚ್ಚು ಹಿಡಿಯಲಾರದು. ತಿದ್ದುಪಡಿ ಸೂಚಿಸಿದರೂ ಕೆಳಮನೆಯು ಅದನ್ನು ಒಪ್ಪಬೇಕೆಂಬ ನಿಯಮವಿಲ್ಲ. ಹಾಗಾಗಿ ಕೆಳಮನೆಯಲ್ಲಿ ಆಗದ ವಿಚಾರಣೆ ಮೇಲ್ಮನೆಯಲ್ಲಿ ಆದೀತೆಂದು ನಂಬುವುದು ವ್ಯರ್ಥ.

ಗದ್ದಲದಿಂದ ದಿನಗಳು ಪೋಲಾಗುವಾಗ ಹೆಚ್ಚು ದಿನಗಳೇಕೆಂದು ಕೇಳುವವರುಂಟು. ಗದ್ದಲಕ್ಕೆ ವಿರೋಧಪಕ್ಷವೂ ಆಳುವ ಪಕ್ಷವೂ ಸರದಿಯಂತೆ ಹೊಣೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹತ್ತೇ ದಿನದ ಅಧಿವೇಶನದಲ್ಲಿ ಮಾತಿಗೆ ಸರದಿ ದೊರೆಯದವನು ಕೂಗಿಗೆ ಇಳಿಯುವುದು ಸಹಜ.

ವರ್ಷದ ಆರಂಭದಲ್ಲಿಯೇ ಉಪವೇಶನದ ತಾರೀಖುಗಳನ್ನು ಪ್ರಕಟಿಸಬೇಕು; 60ಕ್ಕೆ ಕೊರತೆ ಬಿದ್ದರೆ ಅದರ ಕಾರಣವನ್ನು ಮುಖ್ಯಮಂತ್ರಿಗಳು ಸಭೆಯ ಮುಂದೆ ಹೇಳಬೇಕು. ಸ್ಥಳವಿಲ್ಲವೆಂಬ ಸಬೂಬಂತೂ ನಡೆಯದು. ಬೆಂಗಳೂರಿನಲ್ಲಿ 1956ರಲ್ಲಿ ಮುಗಿದ ವಿಧಾನಸೌಧವುಂಟು; ಬೆಳಗಾವಿಯಲ್ಲಿ 2012ರಲ್ಲಿ ತೆರೆದ ಸುವರ್ಣ ವಿಧಾನಸೌಧವುಂಟು. ಅದರ ಸಭಾಂಗಣವಾದರೋ ಚಳಿಗಾಲದ ಕೆಲವು ದಿನಗಳನ್ನು ಬಿಟ್ಟರೆ ವರ್ಷವೆಲ್ಲ ಬರಿದಾಗಿಯೇ ಇರುತ್ತದೆ.