ಮತ ಕೇಳುವ ಮೊದಲು ಎಲ್ಲಿದ್ದರು?

ನಮ್ಮಲ್ಲಿ ಹಲವರಿಗೆ ಇನ್ನೇನು 18 ತುಂಬುತ್ತದೆ. ಮೊದಲ ಮತ ಹಾಕುತ್ತೇವೆ. ಅಭ್ಯರ್ಥಿಯ ಹೆಸರು ಕೇಳಿದ ಕೂಡಲೇ ಮನೆಯಲ್ಲೂ ಬಸ್ಸಿನಲ್ಲೂ ಬರುವ ಪ್ರಶ್ನೆ ಒಂದೇ: "ಯಾವ ಜನ?" ನಾವು ಬೇರೆ ಪ್ರಶ್ನೆ ಕೇಳಬೇಕೆಂದು ನನ್ನ ಅಭಿಪ್ರಾಯ: ಟಿಕೆಟ್ ಸಿಗುವ ಮೊದಲು ಇವರು ಯಾರ ಜೊತೆ ನಿಂತಿದ್ದರು?

ನಮ್ಮ ಜಿಲ್ಲೆಯ ಶಾಂತವೇರಿ ಗೋಪಾಲಗೌಡರನ್ನೇ ನೋಡಿ. 1942ರಲ್ಲಿ ಈಸೂರು ತಾನು ಸ್ವತಂತ್ರವೆಂದು ಸಾರಿತು. ಅದೇ ಚಳವಳಿಯಲ್ಲಿ ಗೌಡರು ವಿದ್ಯಾರ್ಥಿಯಾಗಿದ್ದಾಗಲೇ ಜೈಲು ಕಂಡರು. 1951ರಲ್ಲಿ ಕಾಗೋಡಿನ ಗೇಣಿದಾರರು ಭತ್ತ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ ಎದ್ದಾಗ ಅವರ ಪರ ನಿಂತರು. 1952ರ ಚುನಾವಣೆಯಲ್ಲಿ ಹಣ ಹಂಚಲಿಲ್ಲ. "ಒಂದು ಓಟು, ಒಂದು ನೋಟು" ಎಂದು ಜನರನ್ನೇ ಕೇಳಿದರು. ಜನ ಕೊಟ್ಟರು, ಗೆಲ್ಲಿಸಿದರು.

ಇಂಥವರು ಈಗ ಗೆಲ್ಲುವುದಿಲ್ಲ ಎನ್ನುವವರಿದ್ದಾರೆ. ಗೌಡರೂ 1957ರಲ್ಲಿ ಸೋತರು. 1962ರಲ್ಲಿ ಜನ ಮತ್ತೆ ವಿಧಾನಸಭೆಗೆ ಕಳಿಸಿದರು. ಕೆಲಸದ ನೆನಪು ಬೇಗ ಅಳಿಯುವುದಿಲ್ಲ. ಆದರೆ ಅದನ್ನು ಕೇಳಿ ತಿಳಿಯುವವರು ಬೇಕು.

ಈಸೂರಿನವರು ಅಂದು ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ಆರಿಸಿದ್ದು ಹುಡುಗರನ್ನು. ಅವರಿಗಿಂತ ದೊಡ್ಡವರಾದ ನಾವು ಒಂದು ಪ್ರಶ್ನೆಯನ್ನಾದರೂ ಕೇಳೋಣ.