ಚಾಮುಂಡೇಶ್ವರಿಯ ಮತವೂ ನಗರದ ಮಹನೀಯರ ತೀರ್ಪೂ

ಮೈಸೂರು ನಗರದ ವಿದ್ಯಾವಂತರಲ್ಲಿ, ವಿಶೇಷವಾಗಿ ಒಂಟಿಕೊಪ್ಪಲು, ಜಯಲಕ್ಷ್ಮೀಪುರಗಳ ಮಹನೀಯರಲ್ಲಿ, ಒಂದು ಮಾತು ಬಹುಕಾಲದಿಂದ ಬಳಕೆಯಲ್ಲಿದೆ. ನಗರವನ್ನು ಬಳಸಿಕೊಂಡಿರುವ ಚಾಮುಂಡೇಶ್ವರಿ ಕ್ಷೇತ್ರದ ಮತದಾರನು ಜಾತಿಯನ್ನು ನೋಡಿ ಮತ ಹಾಕುವವನು, ಗಾಳಿ ಬಂದ ಕಡೆಗೆ ತೂರಿಕೊಳ್ಳುವವನು, ಉಂಡ ಮನೆಯ ಉಪಕಾರವನ್ನು ಮರೆಯುವವನು ಎಂಬುದೇ ಆ ಮಾತು. ಈ ಮೂರು ದೂಷಣೆಗಳು ಒಂದೇ ಬಾಯಿಂದ ಹೊರಡುವುದನ್ನು ಕೇಳಿ ನಾವು ಬೆರಗಾಗಿದ್ದೇವೆ. ಜಾತಿಗೆ ಕಟ್ಟುಬಿದ್ದವನು ಗಾಳಿಗೆ ತೂರಿಕೊಳ್ಳುವುದು ಹೇಗೆ? ಗಾಳಿಗೆ ತೂರಿಕೊಳ್ಳುವವನಿಗೆ ಜಾತಿಯ ಕಟ್ಟು ಎಲ್ಲಿಯದು? ಆದರೂ ಇದನ್ನು ತರ್ಕದಿಂದ ತಳ್ಳಿಹಾಕಿದರೆ ಸಾಲದು. ಆ ಕ್ಷೇತ್ರವು 40 ವರ್ಷಗಳಲ್ಲಿ ಮಾಡಿರುವುದೇನೆಂಬುದನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

1983ರಲ್ಲಿ ಸಿದ್ದರಾಮನಹುಂಡಿಯ ಒಬ್ಬ ತರುಣ ವಕೀಲರು ಈ ಕ್ಷೇತ್ರದಿಂದ ಶಾಸನಸಭೆಯನ್ನು ಹೊಕ್ಕರು. ಅವರೇ ಶ್ರೀ ಸಿದ್ದರಾಮಯ್ಯನವರು. ಶ್ರೀ ರಾಮಕೃಷ್ಣ ಹೆಗಡೆಯವರ ಸರ್ಕಾರವು ಕನ್ನಡ ಕಾವಲು ಸಮಿತಿಯನ್ನು ರಚಿಸಿದಾಗ ಅದರ ಮೊದಲನೆಯ ಅಧ್ಯಕ್ಷ ಪದವಿ ಇವರಿಗೇ ಸಂದಿತು. 1985ರಲ್ಲಿ ಜನತಾ ಪಕ್ಷದ ಉಮೇದುವಾರರಾಗಿ ಇವರು ಪುನಃ ಗೆದ್ದರು. 1989ರಲ್ಲಿ ಕಾಂಗ್ರೆಸ್ಸಿನ ಶ್ರೀ ಎಂ. ರಾಜಶೇಖರಮೂರ್ತಿಯವರು ಇವರನ್ನು ಸೋಲಿಸಿದರು. 1994ರಲ್ಲಿ ಜನತಾ ದಳದಿಂದ ಮತ್ತೆ ಇವರಿಗೇ ಜಯ. 1999ರಲ್ಲಿ ಕಾಂಗ್ರೆಸ್ಸಿನ ಶ್ರೀ ಎ. ಎಸ್. ಗುರುಸ್ವಾಮಿಯವರ ಎದುರಿನಲ್ಲಿ ಸೋಲು. 2004ರಲ್ಲಿ ಜಾತ್ಯತೀತ ಜನತಾ ದಳದಿಂದ ಇನ್ನೊಮ್ಮೆ ಜಯ. ಇಷ್ಟರಮಟ್ಟಿಗೆ ನಗರದ ಮಹನೀಯರು ಸಂತೋಷಪಡಬಹುದು. ಏಕೆಂದರೆ ಈ ಆರು ಚುನಾವಣೆಗಳಲ್ಲಿಯೂ ಕ್ಷೇತ್ರವು ರಾಜ್ಯದಲ್ಲಿ ಅಧಿಕಾರಕ್ಕೆ ಬಂದವರ ಕಡೆಯಲ್ಲಿಯೇ ನಿಂತಿದೆ. ಇದನ್ನು ಗಾಳಿಯೆಂದೇ ಕರೆಯಲಿ, ನಾವು ವಾದಿಸುವುದಿಲ್ಲ.

ಆದರೆ ಅಲ್ಲಿಂದ ಮುಂದೆ ಗಾಳಿ ಎಲ್ಲಿ ಹೋಯಿತು? 2006ರ ಡಿಸೆಂಬರಿನ ಉಪಚುನಾವಣೆಯಲ್ಲಿ ಶ್ರೀ ಕುಮಾರಸ್ವಾಮಿಯವರ ಮಂತ್ರಿಮಂಡಲವು ಅಧಿಕಾರದಲ್ಲಿತ್ತು. ಕ್ಷೇತ್ರವು ವಿರೋಧಪಕ್ಷದವರನ್ನು ಆರಿಸಿತು. 2008ರಲ್ಲಿ ಭಾರತೀಯ ಜನತಾ ಪಕ್ಷವು ಸರ್ಕಾರ ರಚಿಸಿತು. ಇಲ್ಲಿ ಗೆದ್ದವರು ಕಾಂಗ್ರೆಸ್ಸಿನ ಶ್ರೀ ಎಂ. ಸತ್ಯನಾರಾಯಣರು. 2013ರಲ್ಲಿ ಕಾಂಗ್ರೆಸ್ಸು ಬಹುಮತ ಪಡೆದು ಸಿದ್ದರಾಮಯ್ಯನವರೇ ಮುಖ್ಯಮಂತ್ರಿಗಳಾದರು; ಅವರ ಹಳೆಯ ಕ್ಷೇತ್ರವಾದರೋ ಜಾತ್ಯತೀತ ಜನತಾ ದಳದ ಶ್ರೀ ಜಿ. ಟಿ. ದೇವೇಗೌಡರನ್ನು ಆರಿಸಿ ಕಳುಹಿಸಿತು. 2018ರಲ್ಲಿ ಮುಖ್ಯಮಂತ್ರಿಗಳು ತಾವೇ ಬಂದು ನಿಂತರು. ದೇವೇಗೌಡರಿಗೆ 1,21,325 ಮತಗಳು, ಮುಖ್ಯಮಂತ್ರಿಗಳಿಗೆ 85,283, ಅಂತರ 36,042. 2023ರಲ್ಲಿ ಕಾಂಗ್ರೆಸ್ಸು ಪುನಃ ಗೆದ್ದಿತು. ಚಾಮುಂಡೇಶ್ವರಿಯಲ್ಲಿ ಪುನಃ ದೇವೇಗೌಡರೇ ಗೆದ್ದರು. ಹೀಗೆ ಒಂದರ ಹಿಂದೊಂದರಂತೆ ಐದು ಬಾರಿ, ಆಳುತ್ತಿದ್ದವರಿಗಾಗಲಿ ಆಳಲು ಬರುತ್ತಿದ್ದವರಿಗಾಗಲಿ ಅಡ್ಡಲಾಗಿ ಮತ ಕೊಟ್ಟ ಕ್ಷೇತ್ರಕ್ಕೆ ಗಾಳಿಗೆ ತೂರುವ ಸ್ವಭಾವವನ್ನು ಆರೋಪಿಸುವವರು ಲೆಕ್ಕದ ಪುಸ್ತಕವನ್ನು ತೆರೆದೇ ನೋಡಿಲ್ಲವೆಂದು ಹೇಳಬೇಕಾಗಿದೆ. ಉಪಕಾರಸ್ಮರಣೆ ಇಲ್ಲವೆಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಒಬ್ಬರೇ ವ್ಯಕ್ತಿ ಎಂಟು ಬಾರಿ ಬಂದು ಕೇಳಿದರು. ಐದು ಬಾರಿ ಕೊಟ್ಟಿತು, ಮೂರು ಬಾರಿ ಇಲ್ಲವೆಂದಿತು. ಇದು ದಾಸ್ಯವೂ ಅಲ್ಲ, ಕೃತಘ್ನತೆಯೂ ಅಲ್ಲ.

ಇನ್ನು ದೂಷಿಸುವವರ ಮನೆಯನ್ನೂ ಸ್ವಲ್ಪ ನೋಡೋಣ. ಒಂಟಿಕೊಪ್ಪಲು ಸೇರಿರುವುದು ಚಾಮರಾಜ ಕ್ಷೇತ್ರಕ್ಕೆ. ಅಲ್ಲಿ 1994, 1999, 2004, 2008ರ ನಾಲ್ಕು ಚುನಾವಣೆಗಳಲ್ಲಿಯೂ ಶ್ರೀ ಎಚ್. ಎಸ್. ಶಂಕರಲಿಂಗೇಗೌಡರೇ ಗೆದ್ದರು. ಅವರ ಜನಪ್ರಿಯತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಬ್ಬರನ್ನೇ ನಾಲ್ಕು ಬಾರಿ ಆರಿಸಿದ್ದು ನಗರದಲ್ಲಾದರೆ ವಿವೇಕ, ಹೂಟಗಳ್ಳಿಯಲ್ಲಾದರೆ ಮಂದೆಯ ಬುದ್ಧಿ ಎಂಬ ನ್ಯಾಯವನ್ನು ಯಾವ ಶಾಸ್ತ್ರದಲ್ಲಿ ಹೇಳಿದೆ? ಅದೂ ಹೋಗಲಿ. ಮತದಾನದ ಪ್ರಮಾಣವನ್ನು ನೋಡಿದರೆ ಕೃಷ್ಣರಾಜ, ಚಾಮರಾಜ, ನರಸಿಂಹರಾಜ ಎಂಬ ನಗರದ ಮೂರು ಕ್ಷೇತ್ರಗಳೂ ಜಿಲ್ಲೆಯ ಪಟ್ಟಿಯಲ್ಲಿ ಕೆಳಗೆ ಬಿದ್ದಿರುತ್ತವೆ. ಚಾಮುಂಡೇಶ್ವರಿಯು ಅವುಗಳಿಗಿಂತ ಎಷ್ಟೋ ಮೇಲಿರುತ್ತದೆ. 2018ರಲ್ಲಿ ದೇವೇಗೌಡರಿಗೆ ಉನ್ನತ ಶಿಕ್ಷಣದ ಖಾತೆ ದೊರೆತಾಗ ಅವರ ಶಾಲಾವಿದ್ಯಾಭ್ಯಾಸ ಎಷ್ಟೆಂದು ಎಣಿಸಿ ನಕ್ಕವರು ಅನೇಕರಿದ್ದರು. ನಕ್ಕವರೆಲ್ಲರೂ ಆ ವರ್ಷ ಮತಗಟ್ಟೆಗೆ ಹೋಗಿದ್ದರೆ? ಬೆರಳಿಗೆ ಮಸಿ ಹಚ್ಚಿಸಿಕೊಳ್ಳಲು ಬಿಡುವಿಲ್ಲದವನಿಗೆ ಇತರರ ಮತವನ್ನು ತೂಗುವ ಅಧಿಕಾರವನ್ನು ಕೊಟ್ಟವರು ಯಾರು?

ಈ ಹಕ್ಕು ನಮಗೆ ಬಿಟ್ಟಿಯಾಗಿ ಬಂದುದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದಾಗ ಅದಕ್ಕೆ ಅರಿಕೆ ಮಾಡಿಕೊಳ್ಳುವ ಅಧಿಕಾರವಿತ್ತೇ ಹೊರತು ಶಾಸನ ಮಾಡುವ ಅಧಿಕಾರವಿರಲಿಲ್ಲ. 1947ರ ಸೆಪ್ಟೆಂಬರಿನಲ್ಲಿ, ದೇಶವೆಲ್ಲಾ ಸ್ವತಂತ್ರವಾದ ಮೇಲೆ, ಜವಾಬ್ದಾರಿ ಸರ್ಕಾರಕ್ಕಾಗಿ ಚಳವಳಿ ನಡೆಯುತ್ತಿದ್ದಾಗ ರಾಮಸ್ವಾಮಿಯೆಂಬ ವಿದ್ಯಾರ್ಥಿ ಇದೇ ಮೈಸೂರಿನ ಬೀದಿಯಲ್ಲಿ ಗುಂಡಿಗೆ ಬಲಿಯಾದನು. ಅವನ ಹೆಸರಿನ ವೃತ್ತವನ್ನು ಸುತ್ತಿಕೊಂಡೇ ನಾವು ಕಚೇರಿಗೂ ಶಾಲೆಗೂ ಹೋಗುತ್ತೇವೆ.

2006ರ ಉಪಚುನಾವಣೆಯ ವಿಷಯದಲ್ಲಿ ಇನ್ನೆರಡು ಮಾತು ಹೇಳಬೇಕಾಗಿದೆ. ಜನತಾ ದಳದಿಂದ ಹೊರಬಿದ್ದು ಕಾಂಗ್ರೆಸ್ಸನ್ನು ಸೇರಿದ ಸಿದ್ದರಾಮಯ್ಯನವರು ತಮ್ಮ ಸ್ಥಾನವನ್ನು ಬಿಟ್ಟುಕೊಟ್ಟು ಮತದಾರರ ಮುಂದೆ ಬಂದರು. ಜನತಾ ದಳದ ಶ್ರೀ ಎಂ. ಶಿವಬಸಪ್ಪನವರು ಎದುರಾಳಿ. ಆಳುವ ಕೂಟದ ಬಲವೆಲ್ಲಾ ಅವರ ಹಿಂದೆ. ಕಡೆಗೆ ಗೆಲುವಿನ ಅಂತರ 257 ಮತ! ಒಂಟಿಕೊಪ್ಪಲಿನ ಎರಡು ಅಡ್ಡರಸ್ತೆಗಳ ಜನಸಂಖ್ಯೆಯೂ ಅಷ್ಟಕ್ಕಿಂತ ಹೆಚ್ಚು. ಪಕ್ಷ ಬದಲಿಸಿದವನು ಹೀಗೆ ಬಂದು ಕೇಳತಕ್ಕದ್ದೇ ಧರ್ಮ. ಮತದಾರನು ಹೀಗೆ ಕೂದಲೆಳೆಯಲ್ಲಿ ತೂಗಿ ಕೊಡುವುದೂ ಧರ್ಮ. ನೆರೆಯ ಹುಣಸೂರು ಇದಕ್ಕಿಂತ ಕಠಿಣವಾಯಿತು. ಪಕ್ಷಾಂತರ ಮಾಡಿ 2019ರ ಡಿಸೆಂಬರಿನಲ್ಲಿ ಬಂದು ನಿಂತ ಶ್ರೀ ಎ. ಎಚ್. ವಿಶ್ವನಾಥರನ್ನು ಅದು ಮನೆಗೇ ಕಳುಹಿಸಿತು.

2018ರ ಸೋಲಿಗೆ ಇನ್ನೊಂದು ಮುಖವಿದೆ. ಮೈಸೂರಿನಲ್ಲಿ ಸೋತ ಅದೇ ದಿನ ಅದೇ ವ್ಯಕ್ತಿಯನ್ನು ಬಾದಾಮಿಯು 1,696 ಮತಗಳ ಅಂತರದಿಂದ ಎತ್ತಿಹಿಡಿಯಿತು. ಅವರನ್ನು ಅಲ್ಲಿ "ಹೊರಗಿನವರು" ಎಂದು ಕರೆದವರನ್ನು ನಾವು ಒಪ್ಪುವುದಿಲ್ಲ. 1956ರ ನವೆಂಬರ್ 1ರವರೆಗೆ ಬಾದಾಮಿಯು ಮುಂಬಯಿ ಆಡಳಿತದಲ್ಲಿತ್ತು, ಕೊಪ್ಪಳವು ಹೈದರಾಬಾದಿನಲ್ಲಿ, ಮೈಸೂರು ಅರಸರ ನಾಡಿನಲ್ಲಿ. ಏಕೀಕರಣವನ್ನು ಹಳೆಯ ಮೈಸೂರಿನ ಎಷ್ಟೋ ಮಂದಿ ಸಂಶಯದಿಂದ ನೋಡುತ್ತಿದ್ದಾಗ ಅದನ್ನು ಎತ್ತಿಹಿಡಿದ ಕುವೆಂಪು ಅವರ "ಉದಯರವಿ" ಮನೆ ಇರುವುದು ಒಂಟಿಕೊಪ್ಪಲಿನಲ್ಲಿಯೇ ಎಂಬುದನ್ನು ನೆರೆಹೊರೆಯವರಿಗೆ ನೆನಪಿಸಬೇಕೇ? 1991ರಲ್ಲಿ ಕೊಪ್ಪಳದ ಲೋಕಸಭಾ ಸ್ಥಾನಕ್ಕೆ ನಿಂತಾಗ ಆ ಜನ ಇವರನ್ನು ಒಲ್ಲೆವೆಂದರು. ಬಾದಾಮಿಯ ಜನ ಆಗಲಿ ಎಂದರು. ಮೈಸೂರಿನವನನ್ನು ಕೊಪ್ಪಳವು ತಿರಸ್ಕರಿಸಬಲ್ಲುದು, ಬಾದಾಮಿಯು ಸ್ವೀಕರಿಸಬಲ್ಲುದು ಎಂಬುದೇ ನಾಡು ಒಂದಾದುದಕ್ಕೆ ಸಾಕ್ಷಿ. ಆದರೆ 2023ರಲ್ಲಿ ಬಾದಾಮಿಯನ್ನು ಬಿಟ್ಟು ಅವರು ವರುಣಕ್ಕೆ ಮರಳಿದರು. ಒಂದಾದ ಕನ್ನಡನಾಡು ದೊಡ್ಡವರಿಗೆ ಸೋಲಿನ ಭಯದಲ್ಲಿ ತಂಗಲು ಸಿಕ್ಕ ಛತ್ರವಾಗಬಾರದು. ಎಲ್ಲ ಪಕ್ಷದವರಿಗೂ ನಾವು ಇದನ್ನೇ ಹೇಳುತ್ತೇವೆ.

ವರುಣದ ಹೆಸರು ಬಂದುದರಿಂದ ಗಡಿಯ ವಿಚಾರಕ್ಕೆ ಬರುತ್ತೇವೆ. 2001ರ ಜನಗಣತಿಯನ್ನು ಆಧರಿಸಿ ಕ್ಷೇತ್ರಗಳನ್ನು ಮರುವಿಂಗಡಿಸಿದಾಗ ವರುಣವೆಂಬ ಹೊಸ ಕ್ಷೇತ್ರ ಹುಟ್ಟಿತು. ಸಿದ್ದರಾಮನಹುಂಡಿ ಅದಕ್ಕೆ ಸೇರಿತು. ಆ ಹೊಸ ಗಡಿಗಳ ಮೇಲೆ ಮೊದಲು ಚುನಾವಣೆ ನಡೆದ ರಾಜ್ಯವೇ ನಮ್ಮದು, 2008ರಲ್ಲಿ. ಎರಡೂವರೆ ದಶಕ ಒಬ್ಬರನ್ನು ಗೆಲ್ಲಿಸಿ ಸೋಲಿಸಿ ತಿದ್ದಿದ ಮತದಾರರು ನಕ್ಷೆಯ ಒಂದು ಗೆರೆಯಿಂದ ಎರಡು ಪಾಲಾದರು. ಆಗ ನಗರದಲ್ಲಿ ಯಾರೂ ದನಿಯೆತ್ತಲಿಲ್ಲ. ಅಂದಿನಿಂದ ಹೊಲಗಳು ಬಡಾವಣೆಗಳಾದವು; ಹೂಟಗಳ್ಳಿ ನಗರಸಭೆಯಾಯಿತು, ಬೋಗಾದಿ ಪಟ್ಟಣ ಪಂಚಾಯಿತಿಯಾಯಿತು. ನಿವೇಶನ ಕೊಂಡು ಅಲ್ಲಿಗೆ ಹೋದವರಲ್ಲಿ ಒಂಟಿಕೊಪ್ಪಲಿನವರ ಮಕ್ಕಳೂ ಉಂಟು. ಅವರು ನೀರಿಗೂ ಚರಂಡಿಗೂ ಚಾಮುಂಡೇಶ್ವರಿಯ ಪ್ರತಿನಿಧಿಯನ್ನು ಕೇಳುತ್ತಾರೆ. ಹೆಸರು ಮಾತ್ರ ತಂದೆಯ ಮನೆಯ ಮತದಾರರ ಪಟ್ಟಿಯಲ್ಲಿ! ಕೇಳುವುದು ಒಂದು ಕಡೆ, ಮತ ಇನ್ನೊಂದು ಕಡೆ. ಹಳ್ಳಿಯವನು ಅವರ ಪಾಲಿನ ಮತವನ್ನೂ ತಾನೇ ಹೊತ್ತಿದ್ದಾನೆ, ಬೈಗುಳವನ್ನೂ ತಾನೇ ತಿಂದಿದ್ದಾನೆ.

84ನೆಯ ಸಂವಿಧಾನ ತಿದ್ದುಪಡಿಯು ಸ್ಥಾನಗಳ ಮರುಹಂಚಿಕೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ತಡೆದಿಟ್ಟಿತು. ಮುಂದೆ ಗೆರೆ ಎಳೆಯುವ ದಿನ ಬಂದಾಗ ಮೊದಲು ಕತ್ತರಿ ಬೀಳುವುದು ಅರ್ಧ ಊರು, ಅರ್ಧ ಹಳ್ಳಿಯಾಗಿರುವ ಇಂಥ ನಗರದಂಚಿನ ಕ್ಷೇತ್ರಗಳಿಗೇ. ಕರಡು ಪ್ರಕಟವಾಗುತ್ತದೆ, ಆಕ್ಷೇಪಣೆಗೆ ಅವಧಿ ಕೊಡುತ್ತಾರೆ, ಅವಧಿ ಮುಗಿಯುತ್ತದೆ. ಪಟ್ಟಿಯನ್ನು ಹಿಡಿದು ಮನೆಮನೆಗೆ ತಿರುಗಿದ ಉಪಾಧ್ಯಾಯ ಮಹಾಶಯರಿಗೆ ಯಾವ ಬೀದಿಯ ಹೆಸರು ಯಾವ ಮತಗಟ್ಟೆಯಲ್ಲಿದೆಯೆಂಬುದು ಬೇರೆಲ್ಲರಿಗಿಂತ ಚೆನ್ನಾಗಿ ಗೊತ್ತು. ಬಡಾವಣೆಗೆ ಹೋದ ಮಕ್ಕಳ ಹೆಸರನ್ನು ಅವರಿರುವ ಕಡೆಗೆ ಬದಲಾಯಿಸಲು ಅರ್ಜಿ ಬರೆಯಿಸುವ ಕೆಲಸವನ್ನು ಒಂಟಿಕೊಪ್ಪಲಿನ ಹಿರಿಯರು ಈ ವಾರವೇ ಆರಂಭಿಸಬಹುದು.