ಓದಿನ ಸಾಲದ ಕಂತೂ ಕೊಯ್ಲು ನೋಡಿ ಬರಲಿ

ತೋಟಗಾರಿಕೆ ಪದವಿಗೆ ಮಾಡಿದ ಸಾಲವನ್ನ ಸಾವಯವ ತೋಟದ ದುಡ್ಡಲ್ಲೇ ಕಟ್ತಾ ಇದೀನಿ. ಬ್ಯಾಂಕಿಗೆ ತಿಂಗಳು ತಿಂಗಳೂ ಕಂತು ಬೇಕು. ನಮ್ಮ ಕೈಗೆ ದುಡ್ಡು ಬರೋದು ಕೊಯ್ಲಿಗೆ. ತಡವಾದ್ರೆ ದಂಡ. ಬೆಳೆಸಾಲದ ಗಡುವನ್ನು ಕೊಯ್ಲು ನೋಡಿ ಇಡುವ ಬ್ಯಾಂಕುಗಳು ಓದಿನ ಸಾಲಕ್ಕೂ ಹಾಗೇ ಯಾಕೆ ಮಾಡಬಾರದು? ಹಳೇ ತೆರಿಗೆ ಪದ್ಧತಿಯಲ್ಲಿರೋ ಸಂಬಳದಾರರಿಗೆ ಈ ಬಡ್ಡಿ ಮೇಲೆ 80ಇ ವಿನಾಯಿತಿ ಸಿಗುತ್ತೆ. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲದ ನಮಗೆ ಅದರಿಂದ ಏನೂ ಉಳಿಯಲ್ಲ.

ಒಂದು ವಿಷಯ ತಿಳ್ಕೊಳ್ಳಿ. ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ ಸುತ್ತೋಲೆ ಪ್ರಕಾರ ದಂಡವನ್ನು ಬಡ್ಡಿದರಕ್ಕೆ ಸೇರಿಸುವಂತಿಲ್ಲ, ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಇವತ್ತೇ ಮೊಬೈಲಲ್ಲಿ ಸಾಲದ ಸ್ಟೇಟ್‌ಮೆಂಟ್ ತೆಗೆದು ನೋಡಿ. ಹಾಗೆ ಹಾಕಿದ್ದರೆ ಬರವಣಿಗೆಯಲ್ಲೇ ಕೇಳಿ. ಕಂತನ್ನು ಕೊಯ್ಲಿಗೆ ಹೊಂದಿಸಿಕೊಡಿ ಅಂತ ಅರ್ಜಿಯನ್ನೂ ಕೊಡಿ. ಮನ್ನಾ ಬೇಡ, ಕಾಲ ನೋಡಿ ಕಟ್ಟಿಸ್ಕೊಂಡ್ರೆ ಸಾಕು.